ಸಂಬಳ ಜೀತವಾಗುವ ಬಗೆ
(ಶಾಲಾ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು ನೂರು ವರ್ಷ ಬಾಳುವುದು ಸಾಮಾನ್ಯ ಸಂಗತಿಯಲ್ಲ. ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನದ ದಿನಗಳನ್ನು ಅದು ಕಂಡಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದುದನ್ನೂ, 2014ರಲ್ಲಿ ತೆಲಂಗಾಣ ಉದಯಿಸಿದುದನ್ನೂ ಕಂಡಿದೆ. ಗಡಿಗಳು ಸರಿದವು; ಮಕ್ಕಳು ಮಾತ್ರ ಅದೇ ‘ಅ ಆ ಇ ಈ’ ಕಲಿಯುತ್ತ ಬಂದರು. ಈ ಶಾಲೆಯನ್ನು ಉಳಿಸಿಕೊಂಡು ಬಂದ ಎಲ್ಲರಿಗೂ ನನ್ನ ಗೌರವಪೂರ್ವಕ ವಂದನೆಗಳು.

ಮೀನುಗಾರ ಸಮುದಾಯಗಳಲ್ಲಿ ನಡೆಯುವ ಮಾನವ ಕಳ್ಳಸಾಗಣೆ, ದುಡಿಮೆಯ ಶೋಷಣೆ ಮತ್ತು ಅವುಗಳ ಕುರಿತ ಕ್ಷೇತ್ರಾಧ್ಯಯನ ಇಂದು ನನಗೆ ಕೊಟ್ಟಿರುವ ವಿಷಯ. ಕಡಲೇ ಇಲ್ಲದ ನಾಡಿನಲ್ಲಿ ಕಡಲಿನ ಮಾತೇಕೆ ಎಂದು ಕೆಲವರಿಗಾದರೂ ಅನಿಸಿರಬಹುದು. ಕಡಲಿಗೆ ಇಳಿಯುವ ಆಳು ಕಡಲ ದಂಡೆಯಲ್ಲೇ ಹುಟ್ಟಿರಬೇಕೆಂಬ ಕಾಲ ಕಳೆದುಹೋಗಿದೆ. ಮಲ್ಪೆ, ಮಂಗಳೂರು, ಗೋವೆಯ ಬಂದರುಗಳಲ್ಲಿ ಇಂದು ಬಲೆ ಎಳೆಯುವವರು, ಮೀನು ವಿಂಗಡಿಸುವವರು, ಬುಟ್ಟಿ ಹೊರುವವರು ಒಡಿಶಾ, ಜಾರ್ಖಂಡ್, ಆಂಧ್ರ ಮತ್ತು ಉತ್ತರ ಕರ್ನಾಟಕದ ಒಣಭೂಮಿಯಿಂದಲೂ ಬಂದಿದ್ದಾರೆ. 2025ರ ಮಾರ್ಚ್ ತಿಂಗಳಿನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದ ಆರೋಪ ಹೊರಿಸಿ ಒಬ್ಬ ಮಹಿಳೆಯನ್ನು ಮರಕ್ಕೆ ಕಟ್ಟಿ ಹೊಡೆದ ಸುದ್ದಿಯನ್ನು ನೀವು ಓದಿದ್ದೀರಿ. ಆಕೆ ದುಡಿಮೆಗಾಗಿ ವಿಜಯನಗರ ಜಿಲ್ಲೆಯಿಂದ ಬಂದ ಬಂಜಾರ ಸಮುದಾಯದ ಹೆಣ್ಣುಮಗಳು. ನಮ್ಮ ತಾಂಡಾಗಳ ಅಕ್ಕತಂಗಿಯರಲ್ಲಿ ಒಬ್ಬಳು. ಆದ್ದರಿಂದ ಈ ವಿಷಯ ನಮ್ಮಿಂದ ದೂರದ್ದಲ್ಲ.

ಮೊದಲಿಗೆ ಒಂದು ಶಬ್ದದಿಂದ ಆರಂಭಿಸುತ್ತೇನೆ. ಅದು ‘ಜೀತ’. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವ ಈ ಊರಿನ ಮಕ್ಕಳಿಗೆ ಅದರ ಸೋಜಿಗ ಬೇಗ ತಿಳಿಯುತ್ತದೆ. ತೆಲುಗಿನಲ್ಲಿ ‘ಜೀತಂ’ ಎಂದರೆ ಸಂಬಳ. ಕಲೆಕ್ಟರರಿಗೂ ಜೀತಂ ಉಂಟು, ಮೇಷ್ಟ್ರಿಗೂ ಉಂಟು. ಕನ್ನಡದಲ್ಲಿ ‘ಜೀತ’ ಎಂದರೆ ಸಾಲಕ್ಕೆ ಕಟ್ಟುಬಿದ್ದ ಆಳಿನ ಬಾಳು. ಹಳೆಗನ್ನಡದಲ್ಲಿ ಈ ಮಾತಿಗೆ ಜೀವನೋಪಾಯ, ವೇತನ ಎಂಬ ಅರ್ಥವೇ ಇತ್ತು. ಒಂದೇ ಬೇರಿನ ಮಾತು ಒಂದು ಭಾಷೆಯಲ್ಲಿ ಸಂಬಳವಾಗಿ ಉಳಿದು, ಇನ್ನೊಂದರಲ್ಲಿ ಸಂಕೋಲೆಯಾಯಿತು. ಸಂಬಳ ಯಾವ ಘಳಿಗೆಯಲ್ಲಿ ಸಂಕೋಲೆಯಾಗುತ್ತದೆ? ನನ್ನ ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಸಂವಿಧಾನದ 23ನೆಯ ವಿಧಿ ಮಾನವ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸುತ್ತದೆ. 1975ರ ಅಕ್ಟೋಬರಿನ ಸುಗ್ರೀವಾಜ್ಞೆಯ ಬೆನ್ನಿಗೆ 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂದಿತು. ಆ ಕಾಯಿದೆ ದೇಶದ ನಾನಾ ಭಾಗಗಳ ಜೀತಪದ್ಧತಿಗಳನ್ನು ಅವುಗಳ ಊರಹೆಸರಿನಿಂದಲೇ ಪಟ್ಟಿಮಾಡಿದೆ. ಆ ಪಟ್ಟಿಯಲ್ಲಿ ನಮ್ಮ ‘ಜೀತ’ ಇದೆ, ನಿಜಾಮರ ಸೀಮೆಯಲ್ಲಿ ಅಜ್ಜಂದಿರು ಬಲ್ಲ ‘ಭಗೇಲಾ’ ಇದೆ, ‘ವೆಟ್ಟಿ’ಯೂ ಇದೆ. ಸಾಲ ಅಥವಾ ಮುಂಗಡದ ಕಾರಣಕ್ಕೆ ಒಬ್ಬನು ಕೂಲಿಯಿಲ್ಲದೆ ಇಲ್ಲವೇ ಅಲ್ಪ ಕೂಲಿಗೆ ದುಡಿಯಬೇಕಾದರೆ, ಬೇರೆ ಕಡೆ ಕೆಲಸ ಹುಡುಕುವ ಹಕ್ಕನ್ನು ಕಳೆದುಕೊಂಡರೆ, ಇಷ್ಟಬಂದಲ್ಲಿಗೆ ಹೋಗುವ ಸ್ವಾತಂತ್ರ್ಯವನ್ನು ಕಳೆದುಕೊಂಡರೆ ಅದು ಜೀತ. ಅಂಥ ಸಾಲ ಕಾನೂನಿನ ಕಣ್ಣಿನಲ್ಲಿ ಅಂದೇ ತೀರಿತು. ಅದು ಜೀತದ ಸಾಲವಲ್ಲವೆಂದು ಸಾಧಿಸುವ ಹೊಣೆ ಕೊಟ್ಟವನದು, ಪಡೆದವನದಲ್ಲ. 1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಬಲವಂತದ ದುಡಿಮೆಯೆಂದೂ, ಹಸಿವು ಕೂಡ ಒಂದು ಬಲವಂತವೆಂದೂ ಸಾರಿತು.

ಈ ಭಾಗದಲ್ಲಿ ಮುಂಗಡ ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ದಸರೆ, ದೀಪಾವಳಿ ಕಳೆಯುತ್ತಲೇ ನಾರಾಯಣಖೇಡದ ತಾಂಡಾಗಳಿಂದ ಕುಟುಂಬ ಕುಟುಂಬಗಳೇ ಕಬ್ಬು ಕಡಿಯಲು ಹೊರಡುತ್ತವೆ. ಗಂಡಹೆಂಡತಿ ಇಬ್ಬರೂ ಸೇರಿ ಒಂದು ‘ಕೋಯ್ತಾ’. ಮೇಸ್ತ್ರಿಯು ಮಳೆಗಾಲದಲ್ಲಿಯೇ ಮುಂಗಡ ಕೊಟ್ಟಿರುತ್ತಾನೆ. ಹಂಗಾಮು ಮುಗಿದಾಗ ಕಡಿದ ಟನ್ನಿನ ಲೆಕ್ಕ ಮುಂಗಡಕ್ಕಿಂತ ಕಡಿಮೆಯಾದರೆ ಉಳಿದ ಬಾಕಿ ಮುಂದಿನ ವರ್ಷಕ್ಕೆ ಏರುತ್ತದೆ.

ಮೀನುಗಾರಿಕೆ ದೋಣಿಯ ಲೆಕ್ಕವೂ ಇದರ ಒಡಹುಟ್ಟು. ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಗಳಿಕೆಯಿಲ್ಲ. ಮನೆಯಲ್ಲಿ ಮದುವೆ, ಕಾಯಿಲೆ, ಮಳೆಗೆ ಕುಸಿದ ಗೋಡೆ ಇವೆಲ್ಲ ಇದ್ದೇ ಇರುತ್ತವೆ. ಆಗ ಕೈಗೆ ಬರುವ ಮುಂಗಡವೇ ಮುಂದಿನ ಹತ್ತು ತಿಂಗಳ ಹಗ್ಗ. ಕೂಲಿ ಎಷ್ಟೋ ಕಡೆ ನಗದಿನಲ್ಲಿರುವುದಿಲ್ಲ, ಪಾಲಿನಲ್ಲಿರುತ್ತದೆ. ಹಿಡಿದ ಮೀನಿನ ಬೆಲೆಯಿಂದ ಡೀಸೆಲ್, ಮಂಜುಗಡ್ಡೆ, ಊಟದ ಸಾಮಾನುಗಳ ಖರ್ಚು ಕಳೆದು ಉಳಿದುದರಲ್ಲಿ ಪಾಲು. ಡೀಸೆಲ್ ಎಷ್ಟು ಸುಟ್ಟಿತು, ಮೀನು ಎಷ್ಟಕ್ಕೆ ಹರಾಜಾಯಿತು ಎಂಬುದನ್ನು ಬಲೆ ಎಳೆದವನು ಕಾಣುವುದಿಲ್ಲ. ಹೊಲದಲ್ಲಿ ದುಡಿಯುವವನು ಸಹಿಸಲಾಗದಾಗ ರಾತ್ರೋರಾತ್ರಿ ಊರಿಗೆ ನಡೆದಾನು. ಆಳಸಮುದ್ರದಲ್ಲಿ ಹತ್ತು ಹದಿನೈದು ದಿನ ಇರುವ ದೋಣಿಯಿಂದ ಎಲ್ಲಿಗೆ ನಡೆಯುವುದು? ಅಲ್ಲಿಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರುವುದಿಲ್ಲ, ಫೋನಿನ ಸಂಕೇತವೂ ಸಿಗುವುದಿಲ್ಲ. ದೋಣಿಯ ಮಾಲೀಕರೆಲ್ಲರೂ ಕ್ರೂರಿಗಳೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಅನೇಕರು ತಾವೇ ಬ್ಯಾಂಕಿಗೂ ಮೀನು ಮಂಡಿಯ ದಲ್ಲಾಳಿಗೂ ಸಾಲಗಾರರು. ಆದರೆ ಒಳ್ಳೆಯ ಧಣಿಯ ಕೈಯಲ್ಲೂ ಕಾಣದ ಲೆಕ್ಕ ಕಾಣದ ಲೆಕ್ಕವೇ.

ನಮ್ಮ ಮಕ್ಕಳು ‘ತಂಡೇಲ್’ ಎಂಬ ತೆಲುಗು ಚಿತ್ರವನ್ನು ನೋಡಿರುತ್ತಾರೆ. ಅದರ ಹಿಂದೆ ನಿಜ ಘಟನೆಯಿದೆ. ಆಂಧ್ರದ ಶ್ರೀಕಾಕುಳಂ ಕಡೆಯ ಮೀನುಗಾರರು ಸ್ವಂತ ಕಡಲನ್ನು ಬಿಟ್ಟು ಗುಜರಾತಿನ ವೆರಾವಳಕ್ಕೆ ಹೋಗಿ ಪರರ ದೋಣಿಗಳಲ್ಲಿ ದುಡಿಯುತ್ತಾರೆ. 2018ರ ನವೆಂಬರಿನಲ್ಲಿ ಅವರಲ್ಲಿ ಕೆಲವರು ಪಾಕಿಸ್ತಾನದ ವಶವಾದರು. 2020ರ ಜನವರಿಯಲ್ಲಿ 20 ಮಂದಿ ವಾಘಾ ಗಡಿಯ ಮೂಲಕ ಮರಳಿದರು. ಅದೇ ವರ್ಷ ಕೊರೊನಾ ಲಾಕ್‌ಡೌನ್ ಬಂದಾಗ ಆಂಧ್ರದ ಸಾವಿರಾರು ಮೀನುಗಾರರು ವೆರಾವಳದಲ್ಲಿ ಸಿಲುಕಿ ದೋಣಿಗಳಲ್ಲಿಯೇ ದಿನ ಕಳೆದರು. ಎರಡು ಬಾರಿಯೂ ದೇಶ ಅವರನ್ನು ಕಂಡದ್ದು ಸಂಕಟ ಬಂದ ಮೇಲೆ.

ಜಗತ್ತಿನಲ್ಲಿ ಈ ಕತ್ತಲೆ ಇನ್ನೂ ಗಾಢವಾಗಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಸಹಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಲೋಕದಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದಾರೆ. ಅವರಲ್ಲಿ ಕನಿಷ್ಠ 1,28,000 ಮಂದಿ ಮೀನುಗಾರಿಕೆ ಹಡಗುಗಳಲ್ಲಿದ್ದಾರೆ. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ನಾಲ್ವರು ಪತ್ರಕರ್ತೆಯರು ಇಂಡೋನೇಷ್ಯಾದ ಬೆಂಜಿನಾ ದ್ವೀಪದಲ್ಲಿ ಮ್ಯಾನ್ಮಾರಿನ ಆಳುಗಳು ಬಂಧಿಗಳಾಗಿ ಥಾಯ್ ಹಡಗುಗಳಿಗೆ ದುಡಿಯುತ್ತಿದ್ದುದನ್ನು ಬಯಲಿಗೆಳೆದರು. ಅಲ್ಲಿ ಪಂಜರದಲ್ಲಿ ಕೂಡಿಹಾಕಲಾದವರೂ ಇದ್ದರು. ಆ ವರದಿಗಳ ಫಲವಾಗಿ 2,000ಕ್ಕೂ ಹೆಚ್ಚು ಮಂದಿ ಬಿಡುಗಡೆ ಹೊಂದಿದರು. ಮರುವರ್ಷ ಅವುಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಆ ನಾಲ್ವರಲ್ಲಿ ಎಸ್ತರ್ ಟುಸಾನ್ ಎಂಬಾಕೆ ಮ್ಯಾನ್ಮಾರಿನವರೇ. ಬಂಧಿತರ ನಾಡಿನ ಮಾತು ಬಲ್ಲವರೊಬ್ಬರು ಎದುರಿಗೆ ನಿಂತಿದ್ದರು. ಕನ್ನಡ ಶಾಲೆಯ ಈ ಹಬ್ಬದಲ್ಲಿ ಆ ಸಂಗತಿಯನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಏಕೆಂದರೆ ಕ್ಷೇತ್ರಾಧ್ಯಯನದ ತಿರುಳು ಕೇಳುವ ಬಗೆಯಲ್ಲಿದೆ. 1970ರ ದಶಕದ ಕೊನೆಯಲ್ಲಿ ನಮ್ಮ ದೇಶದ ಜೀತಗಾರರನ್ನು ಎರಡು ಕಡೆಯವರು ಎಣಿಸಿದರು. ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂದಾಜು ಸುಮಾರು ಮೂರೂವರೆ ಲಕ್ಷ. ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ ಮಾಡಿದ ಅಧ್ಯಯನದ ಅಂದಾಜು 26 ಲಕ್ಷ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ. ಯಾರನ್ನು ಜೀತಗಾರನೆನ್ನಬೇಕು, ಅವನನ್ನು ಹೇಗೆ ಕೇಳಬೇಕು ಎಂಬುದರ ಮೇಲೆ ಲಕ್ಷಗಟ್ಟಲೆ ಮನುಷ್ಯರು ಕಾಣಿಸುತ್ತಾರೆ ಅಥವಾ ಮರೆಯಾಗುತ್ತಾರೆ.

‘ನೀನು ಜೀತಗಾರನೇ?’ ಎಂದು ಕೇಳಿದರೆ ಯಾವ ಸ್ವಾಭಿಮಾನಿಯೂ ಹೌದೆನ್ನಲಾರ. ಕೇಳಬೇಕಾದ ಪ್ರಶ್ನೆಗಳು ಬೇರೆ. ಮುಂಗಡ ಎಷ್ಟು, ಯಾವ ತಿಂಗಳು ಪಡೆದೆ? ಲೆಕ್ಕದ ಪುಸ್ತಕ ಯಾರ ಬಳಿ ಇದೆ, ನೀನು ಅದನ್ನು ನೋಡಿದ್ದೀಯಾ? ಆಧಾರ್ ಕಾರ್ಡು ಯಾರ ಪೆಟ್ಟಿಗೆಯಲ್ಲಿದೆ? ತಾಯಿಗೆ ಕಾಯಿಲೆಯೆಂದು ನಡುವೆ ಹೊರಟರೆ ಏನಾಗುತ್ತದೆ? ಹೋದ ವರ್ಷದ ಬಾಕಿ ಈ ವರ್ಷ ಇಳಿಯಿತೇ, ಏರಿತೇ? ನೀನು ಇಲ್ಲವಾದರೆ ಆ ಸಾಲ ಯಾರ ತಲೆಗೆ? ಈ ಆರಕ್ಕೆ ಬರುವ ಉತ್ತರಗಳಲ್ಲಿ ಸಂಬಳವೋ ಸಂಕೋಲೆಯೋ ತಾನಾಗಿ ತಿಳಿಯುತ್ತದೆ.

ಕೇಳುವ ಸ್ಥಳವೂ ಮುಖ್ಯ. ಬಂದರಿನಲ್ಲಿ ಮಾಲೀಕನ ಕಣ್ಣೆದುರು ಕೇಳಿದ ಪ್ರಶ್ನೆಗೆ ಮಾಲೀಕನಿಗೆ ಬೇಕಾದ ಉತ್ತರವೇ ಬರುತ್ತದೆ. ನಿಷೇಧದ ಎರಡು ತಿಂಗಳಲ್ಲಿ ಆಳು ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿರುವಾಗ ಕೇಳಬೇಕು; ಅವನ ಹೆಂಡತಿಯನ್ನು ಪ್ರತ್ಯೇಕವಾಗಿ ಕೇಳಬೇಕು. ಮನೆಗೆ ಬಂದ ಹಣದ ಲೆಕ್ಕ ಎಷ್ಟೋ ಬಾರಿ ಆಕೆಯ ನೆನಪಿನಲ್ಲಿರುತ್ತದೆ. ಹೆಸರು, ಭಾವಚಿತ್ರ, ದೋಣಿಯ ಸಂಖ್ಯೆ ಬಯಲಾದರೆ ಏಟು ಬೀಳುವುದು ಬರೆದವನಿಗಲ್ಲ, ಹೇಳಿದವನಿಗೆ. ಇದನ್ನು ಮರೆತ ಅಧ್ಯಯನ ಇನ್ನೊಂದು ಬಗೆಯ ಶೋಷಣೆಯೇ.

‘ಅವನು ತಾನೇ ಒಪ್ಪಿ ಹೋದ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬಲ, ಮೋಸ, ಆಮಿಷ ಅಥವಾ ಅಧಿಕಾರದ ದುರುಪಯೋಗದಿಂದ ಮನುಷ್ಯರನ್ನು ಶೋಷಣೆಗಾಗಿ ಸಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಂತೆ ಅಪರಾಧ. ಅಲ್ಲಿ ಸಂತ್ರಸ್ತನ ಒಪ್ಪಿಗೆ ಗಣನೆಗೆ ಬಾರದೆಂದು ಕಾನೂನೇ ಹೇಳಿದೆ.

ನಮ್ಮ ಮಂಜೀರಾ ಹೊಳೆಯನ್ನೂ ನೆನೆಯೋಣ. ಸಿಂಗೂರಿನ ನೀರಿನಲ್ಲಿ, ಊರೂರ ಕೆರೆಗಳಲ್ಲಿ ಬದುಕು ಕಂಡ ಬೆಸ್ತರು, ಗಂಗಪುತ್ರರು, ಮುದಿರಾಜರು ನಮ್ಮ ನೆರೆಯವರು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರನ್ನು ಕೊಟ್ಟ ಕಾಯಕಪರಂಪರೆಯ ಬಂಧುಗಳು. ಇಲ್ಲಿ ಆಳಸಮುದ್ರದ ಭಯವಿಲ್ಲ, ಸಂಜೆಗೆ ಮನೆ ಸೇರಬಹುದು, ಮೀನುಗಾರರ ಸಹಕಾರ ಸಂಘಗಳಿವೆ. ಆದರೂ ಬಲೆಗೆ, ತೆಪ್ಪಕ್ಕೆ ಸಾಲ ಕೊಟ್ಟ ವ್ಯಾಪಾರಿಯೇ ಮೀನಿನ ಬೆಲೆಯನ್ನೂ ಕಟ್ಟಿದರೆ ಮುಂಗಡದ ಹಗ್ಗ ಅಲ್ಲಿಗೂ ಬರುತ್ತದೆ. ಸಂಘ ಬಲವಾಗಿದ್ದು ಅದರ ಲೆಕ್ಕ ಎಲ್ಲರಿಗೂ ಕಾಣುವಂತಿದ್ದರೆ ಆ ಹಗ್ಗ ಸಡಿಲವಾಗುತ್ತದೆ.

ಇಲ್ಲಿ ಶಾಲೆಯ ಪಾತ್ರವೇನು? ಕಬ್ಬಿನ ಗದ್ದೆಗೋ ಬಂದರಿಗೋ ತಂದೆತಾಯಿಯರ ಹಿಂದೆ ಹೊರಟ ಮಗು ಮೊದಲು ಕಾಣೆಯಾಗುವುದು ಹಾಜರಿ ಪುಸ್ತಕದಲ್ಲಿ. ಪೊಲೀಸರಿಗೂ ಕಾರ್ಮಿಕ ಇಲಾಖೆಗೂ ತಿಳಿಯುವ ಮೊದಲೇ ತರಗತಿಯ ಶಿಕ್ಷಕರಿಗೆ ತಿಳಿಯುತ್ತದೆ. ದೀಪಾವಳಿಯ ನಂತರ ಬಾರದ ಮಕ್ಕಳು ಎಲ್ಲಿಗೆ, ಯಾರೊಡನೆ ಹೋದರೆಂದು ಬರೆದಿಡುವುದೇ ಒಂದು ಕ್ಷೇತ್ರಾಧ್ಯಯನ. ಅದಕ್ಕೆ ವಿಶ್ವವಿದ್ಯಾಲಯ ಬೇಕಿಲ್ಲ. ಸಂಕಟದಲ್ಲಿರುವ ಮಗುವಿಗಾಗಿ 1098, ಉಚಿತ ಕಾನೂನು ನೆರವಿಗಾಗಿ 15100 ಈ ಎರಡು ಸಂಖ್ಯೆಗಳು ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಜೀತದಿಂದ ಬಿಡಿಸಿದವರಿಗೆ ಅಧಿಕಾರಿಗಳು ಕೊಡುವ ಬಿಡುಗಡೆ ಪತ್ರ ಎಷ್ಟು ಮುಖ್ಯವೆಂದು ಪಾಲಕರಿಗೆ ತಿಳಿಸೋಣ. ಸಾಲ ರದ್ದಾಯಿತೆಂಬುದಕ್ಕೆ ಅದೇ ಸಾಕ್ಷಿ. 2016ರ ಕೇಂದ್ರ ಯೋಜನೆಯಂತೆ ಒಂದರಿಂದ ಮೂರು ಲಕ್ಷ ರೂಪಾಯಿವರೆಗಿನ ಪುನರ್ವಸತಿ ನೆರವಿಗೂ ಅದೇ ಆಧಾರ.

ಕೂಡುವ, ಕಳೆಯುವ ಲೆಕ್ಕವನ್ನು ನಾವು ಮಕ್ಕಳಿಗೆ ಅಂಗಡಿಯ ಸಾಮಾನಿನ ಉದಾಹರಣೆಯಿಂದ ಕಲಿಸುತ್ತೇವೆ. ಇನ್ನು ಮುಂದೆ ಮುಂಗಡ, ಟನ್ನು, ಪಾಲು, ಬಾಕಿ ಇವುಗಳಿಂದಲೂ ಕಲಿಸಿ ಎಂದು ಗುರುಗಳಲ್ಲಿ ವಿನಂತಿಸುತ್ತೇನೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಅಪ್ಪನ ಹೆಬ್ಬೆಟ್ಟು ಒತ್ತುವ ಮೊದಲು ಆ ಕಾಗದವನ್ನು ಓದಿ, ಕೂಡಿ, ‘ಅಪ್ಪಾ, ಈ ಲೆಕ್ಕ ತಪ್ಪಿದೆ’ ಎಂದಳೆಂದರೆ, ನಮ್ಮ ಹಿರಿಯರು ನೂರು ವರ್ಷಗಳ ಹಿಂದೆ ಈ ಶಾಲೆಯನ್ನು ಕಟ್ಟಿದ್ದು ಸಾರ್ಥಕ. ಆ ಮಾತನ್ನು ಆಕೆ ಕನ್ನಡದಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ; ಧೈರ್ಯವಾಗಿ ಹೇಳುವಂತಾಗಲಿ.