ತೀರಿದ ಸಾಲದ ಋಣ

ಋಣವೆಂಬ ಮಾತನ್ನು ನಾವು ಹಗುರವಾಗಿ ಆಡುವುದಿಲ್ಲ. ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ನಮ್ಮ ದನಿಯೇ ಬದಲಾಗುತ್ತದೆ. ಬ್ರಾಹ್ಮಣನು ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಋಷಿಗಳ ಋಣ ಬ್ರಹ್ಮಚರ್ಯದಿಂದ, ದೇವತೆಗಳದು ಯಜ್ಞದಿಂದ, ಪಿತೃಗಳದು ಸಂತಾನದಿಂದ ತೀರತಕ್ಕದ್ದು. ತೀರಿಸಬೇಕಾದವನು ಅವನೇ. ಇಂಥ ಭಾವನೆಯ ನಡುವೆ ಬೆಳೆದ ನನಗೆ, ಮನುಷ್ಯನ ಸಾಲವನ್ನು ಇನ್ನೊಬ್ಬನು ಆಗಲೇ ತೀರಿಸಿದ್ದಾನೆ ಎಂಬ ಕ್ರೈಸ್ತರ ನಂಬಿಕೆ ಬಹುಕಾಲ ಒಗಟಾಗಿಯೇ ಇತ್ತು. ನಾನು ಕ್ರೈಸ್ತನಲ್ಲ. ಸಾಹಿತ್ಯದ ವಿದ್ಯಾರ್ಥಿಯಾಗಿ ಆ ಒಗಟಿನ ಮುಂದೆ ಕುಳಿತು ಕಂಡುದನ್ನಷ್ಟೇ ಹೇಳುತ್ತೇನೆ.

ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲವನ್ನೂ ಪಾಪವನ್ನೂ ಒಂದೇ ಪದ ಸೂಚಿಸಬಲ್ಲದು. ಆತ ಕಲಿಸಿದ ಪ್ರಾರ್ಥನೆ ಮತ್ತಾಯನ ಗ್ರೀಕಿನಲ್ಲಿ ಸಾಲಗಳ ಕ್ಷಮೆಯನ್ನು ಬೇಡಿದರೆ, ಲೂಕನ ಗ್ರೀಕಿನಲ್ಲಿ ಪಾಪಗಳ ಕ್ಷಮೆಯನ್ನು ಬೇಡುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಇನ್ನೂ ಸ್ಪಷ್ಟವಾದ ಚಿತ್ರವಿದೆ: ಕೈಬರಹದ ಸಾಲಪತ್ರವೊಂದು ಶಿಲುಬೆಗೆ ಮೊಳೆ ಹೊಡೆಯಲ್ಪಟ್ಟು ರದ್ದಾಗುತ್ತದೆ.

ಇದನ್ನು ತರ್ಕಕ್ಕೆ ಒಗ್ಗಿಸಿದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್. ದೇವರು ಮನುಷ್ಯನಾದುದೇಕೆ ಎಂದು ಕೇಳುವ ಅವನ ಗ್ರಂಥ 1098ರಲ್ಲಿ ಮುಗಿಯಿತು. ಸಾಲಗಾರನು ಮನುಷ್ಯ, ತೀರಿಸಬೇಕಾದವನೂ ಮನುಷ್ಯನೇ; ಆದರೆ ಅದನ್ನು ತೀರಿಸುವ ಶಕ್ತಿ ದೇವರಿಗೆ ಮಾತ್ರ; ಆದುದರಿಂದ ಎರಡೂ ಆಗಿರುವವನೊಬ್ಬನು ಬೇಕಾಯಿತು. ಮುಂದಿನ ಶತಮಾನದಲ್ಲಿ ಅಬೆಲಾರ್ಡ್ ಇದನ್ನು ಒಪ್ಪಲಿಲ್ಲ. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ ಎಂದು ಆತ ಕೇಳಿದ. ಆ ಮರಣದಲ್ಲಿ ಕಂಡ ಪ್ರೀತಿಯೇ ಮನುಷ್ಯನನ್ನು ಬಿಡಿಸುತ್ತದೆ ಎಂದ.

ಈ ವಾದಗಳನ್ನು ಓದುವಾಗಲೆಲ್ಲ ನನಗೆ ನನ್ನ ತಂದೆಯ ನೆನಪು ಬರುತ್ತದೆ. ಮಳೆ ಕೈಕೊಟ್ಟ ವರ್ಷವೊಂದರಲ್ಲಿ ಅವರು ಸಾಲಪತ್ರ ಬರೆದುಕೊಟ್ಟಿದ್ದರು. ಮನೆ ಜಪ್ತಿಗೆ ಬರುವ ಹೊತ್ತಿಗೆ ದೂರದ ನೆಂಟರೊಬ್ಬರು ಹಣ ಕಟ್ಟಿ, ಪತ್ರವನ್ನು ಬಿಡಿಸಿ ತಂದು, ನಮ್ಮ ಜಗಲಿಯ ಮೇಲೆಯೇ ಹರಿದುಹಾಕಿದರು. ಅಂದು ರಾತ್ರಿ ತಂದೆ ಊಟ ಮಾಡಲಿಲ್ಲ. ಮುಂದೆ ಆ ನೆಂಟರು ಎದುರಿಗೆ ಬಂದರೆ ಬೀದಿ ದಾಟಿ ಆಚೆಗೆ ಹೋಗುತ್ತಿದ್ದರು. ಇದು ಕೃತಘ್ನತೆಯೆಂದೇ ಬಾಲಕನಾದ ನಾನು ತಿಳಿದಿದ್ದೆ. ತೀರಿದುದನ್ನು ತೀರಿತೆಂದು ಒಪ್ಪಿಕೊಳ್ಳುವುದು ಸ್ವಾಭಿಮಾನಿಗೆ ಎಷ್ಟು ಕಷ್ಟವೆಂಬುದು ಆಮೇಲೆ ತಿಳಿಯಿತು. ಆನ್ಸೆಲ್ಮನ ಲೆಕ್ಕಕ್ಕಿಂತ ಕಠಿಣವಾದದ್ದು ಈ ಒಪ್ಪಿಗೆ.

ಹಾಗಾದರೆ ಒಪ್ಪಿದವನು ಏನು ಮಾಡಬೇಕು? ಸಾಲ ತೀರಿತೆಂದು ಹಾಯಾಗಿ ಕುಳಿತುಬಿಡಬಹುದೇ? ಮತ್ತಾಯನ ಸುವಾರ್ತೆಯ ಸಾಮತಿಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಸೇವಕನೊಬ್ಬನು ಅರಸನಿಗೆ 10,000 ತಲಾಂತುಗಳ ಸಾಲಗಾರ. ಒಂದು ತಲಾಂತೆಂದರೆ ಸುಮಾರು 6,000 ದಿನಗಳ ಕೂಲಿ. ಒಟ್ಟು ಸಾಲ ಆರು ಕೋಟಿ ದಿನಗಳದು. ಅರಸನು ಕನಿಕರದಿಂದ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಆ ಸೇವಕನೋ ಹೊರಗೆ ಬಂದವನೇ, ನೂರು ದಿನಗಳ ಕೂಲಿಯಷ್ಟು ಸಾಲಕ್ಕಾಗಿ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಸುದ್ದಿ ಕೇಳಿದ ಅರಸನು ತನ್ನ ಕ್ಷಮೆಯನ್ನು ಹಿಂದೆಗೆದುಕೊಳ್ಳುತ್ತಾನೆ. ಅರಸನು ಸಾಲವನ್ನು ಹಿಂದಕ್ಕೆ ಕೇಳಿರಲಿಲ್ಲ. ಪಡೆದ ದಯೆ ಜೊತೆಯವನವರೆಗೆ ಹರಿಯಲಿ ಎಂಬುದಷ್ಟೇ ಅವನ ನಿರೀಕ್ಷೆ. ಸಾಲ ತೀರಿದ ಮೇಲೂ ಉಳಿಯುವ ಋಣ ಇದೇ ಎಂದು ನನಗೆ ತೋರುತ್ತದೆ.

ತಂದೆ ಮತ್ತಾಯನನ್ನು ಓದಿದವರಲ್ಲ. ಕಡೆಯ ಕಾಯಿಲೆಯಲ್ಲಿ ಮಲಗಿದ್ದಾಗ ಒಂದು ದಿನ ನನ್ನಿಂದ ಲೆಕ್ಕದ ಪುಸ್ತಕ ತರಿಸಿದರು. ಯಾರುಯಾರು ಎಷ್ಟೆಷ್ಟು ಭತ್ತ ಕೊಡಬೇಕು ಎಂಬ ಸಾಲುಗಳನ್ನು ಒಂದೊಂದಾಗಿ ಓದಿಸಿ, ಒಂದೊಂದನ್ನೂ ಹೊಡೆದುಹಾಕಿಸಿದರು. ಅನಂತರ ಆ ನೆಂಟರಿಗೆ ಒಂದು ಕಾಗದ ಬರೆಸಿದರು. ಅದರಲ್ಲಿ ಹಣದ ಮಾತು ಇರಲಿಲ್ಲ. ಒಮ್ಮೆ ಬಂದು ನಮ್ಮಲ್ಲಿ ಊಟ ಮಾಡಿಕೊಂಡು ಹೋಗಬೇಕು ಎಂದಷ್ಟೇ ಇತ್ತು.