ಆಸೆಗೊಂದು ತಾರೀಖು



ನಮ್ಮ ಶಿವಮೊಗ್ಗ ಸೀಮೆಯ ಯಾವ ಮನೆಯ ಜಗಲಿಯ ಮೇಲೆ ಕುಳಿತರೂ ನಾಲ್ಕು ಆಸೆಗಳು ಕಿವಿಗೆ ಬೀಳುತ್ತವೆ. ಇನ್ನೊಂದು ಎಕರೆ ಅಡಿಕೆ ಹಾಕಬೇಕು. ಸಾಲ ತೀರಿಸಬೇಕು. ಮಗಳ ಮದುವೆ ಮಾಡಬೇಕು. ಮಗನನ್ನು ಕಾಲೇಜಿಗೆ ಸೇರಿಸಬೇಕು. ಎಲ್ಲವೂ ನ್ಯಾಯವಾದ ಆಸೆಗಳೇ. ಆದರೆ ಮುಂದಿನ ಯುಗಾದಿಗೆ ಅದೇ ಜಗಲಿಗೆ ಹೋಗಿ ನೋಡಿ, ಅವೇ ನಾಲ್ಕು ಮಾತು! ಇದೇಕೆ ಹೀಗೆ? ನಮ್ಮ ರೈತನೇನು ಮೈಗಳ್ಳನೇ? ಖಂಡಿತ ಅಲ್ಲ. ಆಸೆಯಿಂದ ಕೆಲಸಕ್ಕೆ ಇಳಿಯಲು ಒಂದು ಮೆಟ್ಟಿಲು ಬೇಕು. ಆ ಮೆಟ್ಟಿಲನ್ನು ಕಟ್ಟುವ ಬಗೆ ಹೇಗೆ ಎಂಬುದನ್ನು ಈ ಹೊತ್ತು ನೋಡೋಣ.

ಮೊದಲು ನಮಗೆಲ್ಲ ಗೊತ್ತಿರುವ ಕೊಳೆರೋಗವನ್ನೇ ತೆಗೆದುಕೊಳ್ಳಿ. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ, ಮಳೆಗೆ ಮುಂಚೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಮದ್ದು ಸಿಕ್ಕಿ ನೂರು ವರ್ಷ ಮೀರಿತು. ಆದರೂ ಆಟಿಯ ಮಳೆಯಲ್ಲಿ ಎಳೆಗಾಯಿ ಉದುರಿ ಕಣ್ಣೀರು ಹಾಕುವವರು ಈಗಲೂ ಇದ್ದಾರೆ. ಮದ್ದು ಗೊತ್ತಿಲ್ಲವೆಂದೇ? ಗೊತ್ತಿದೆ. “ಈ ವರ್ಷ ಕೊಳೆಗೆ ಬಿಡಬಾರದು” ಎಂಬ ಆಸೆಯೂ ಇದೆ. ತಾರೀಖು ಮಾತ್ರ ಇಲ್ಲ!

ತಾರೀಖನ್ನು ಹಿಂದಿನಿಂದ ಎಣಿಸಿಕೊಂಡು ಬರಬೇಕು. ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತದೆ. ಹಾಗಾದರೆ ಮೇ ಕೊನೆಯೊಳಗೆ ಮೊದಲ ಸಲದ ಔಷಧಿ ಮುಗಿದಿರಬೇಕು. ಆ ಹೊತ್ತಿಗೆ ಊರಿನವರೆಲ್ಲ ಕೊನೆಗಾರನ ಮನೆ ಬಾಗಿಲಲ್ಲೇ ನಿಂತಿರುತ್ತಾರೆ. ಆದ್ದರಿಂದ ಏಪ್ರಿಲ್‌ನಲ್ಲೇ ಅವನಿಗೆ ದಿನ ಗೊತ್ತು ಮಾಡಬೇಕು. ಮೈಲುತುತ್ತ, ಸುಣ್ಣ ಆಗಲೇ ಮನೆಗೆ ಬಂದಿರಬೇಕು. ಅದಕ್ಕೆ ಹಣವನ್ನು ಅಡಿಕೆ ಮಾರಿದ ದಿನವೇ ಎತ್ತಿಡಬೇಕು. ಅಂದರೆ ಜೂನ್ ತಿಂಗಳ ಗುರಿ ಸಾಧಿಸಬೇಕಾದರೆ ಕೆಲಸ ಸುಗ್ಗಿಯಲ್ಲೇ ಶುರುವಾಯಿತು ನೋಡಿ!

ಅಳತೆಯೂ ಗೊತ್ತಿರಲಿ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನು 50 ಲೀಟರ್ ನೀರಿನಲ್ಲಿಯೂ ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಎರಡನೆಯ ಸಲದ ಔಷಧಿ 40-45 ದಿನಗಳಿಗೆ. ಆ ತಾರೀಖನ್ನೂ ಮೊದಲ ದಿನವೇ ಬರೆದಿಡಿ.

ಎರಡನೆಯ ಮಾತು, ಲೆಕ್ಕ. “ಒಂದು ಎಕರೆ ಅಡಿಕೆ ಹಾಕ್ತೀನಿ” ಎನ್ನುವುದು ಸುಲಭ. 9 ಅಡಿ ಅಂತರದಲ್ಲಿ ಹಾಕಿದರೆ ಎಕರೆಗೆ ಸುಮಾರು 540 ಸಸಿ ಹಿಡಿಯುತ್ತದೆ. ಫಸಲು ಕಣ್ಣಿಗೆ ಕಾಣಲು ಐದು ವರ್ಷವಾದರೂ ಬೇಕು. ಅಲ್ಲಿಯವರೆಗೆ ನೀರು, ಗೊಬ್ಬರ, ಕಳೆ, ಬೇಸಿಗೆಯ ನೆರಳು, ಎಲ್ಲಕ್ಕೂ ಕೈಯಿಂದಲೇ ಹಾಕಬೇಕು. ನಡುವೆ ಬಾಳೆ ಹಾಕಿದರೆ ನೆರಳೂ ಆಯಿತು, ನಾಲ್ಕು ಕಾಸೂ ಬಂತು. ಇಷ್ಟಾದರೂ ಏಪ್ರಿಲ್‌ನಲ್ಲಿ ನಿಮ್ಮ ಬಾವಿ ಎಷ್ಟು ಗಿಡಕ್ಕೆ ನೀರು ಕೊಟ್ಟೀತು ಎಂದು ಮೊದಲು ಅಳೆದು ನೋಡಿ. ಕಾಲು ಎಕರೆಗೆ ಮಾತ್ರ ಸಾಕಾದರೆ 10 ಗುಂಟೆಯಲ್ಲಿ 135 ಸಸಿ ಹಾಕಿ. ಇದರಲ್ಲಿ ನಾಚಿಕೆ ಏನೂ ಇಲ್ಲ. 540 ಸಸಿ ನೆಟ್ಟು ಒಣಗಿಸಿದವನಿಗಿಂತ 135 ಗಿಡ ಉಳಿಸಿಕೊಂಡವನೇ ಮುಂದೆ.

ಮೂರನೆಯದು ಮನೆಯ ಮಾತು. ಪಟ್ಟಣದ ವ್ಯಾಪಾರಿಗೆ ಅಂಗಡಿಯ ಪೆಟ್ಟಿಗೆ ಬೇರೆ, ಮನೆಯ ಪೆಟ್ಟಿಗೆ ಬೇರೆ. ನಮಗೆ ಎರಡಕ್ಕೂ ಒಂದೇ ಚೀಲ. ಮದುವೆ ಹತ್ತಿರ ಬಂದಾಗ ಗೊಬ್ಬರದ ಹಣ ಜವಳಿ ಅಂಗಡಿಗೆ ಹೋಗುತ್ತದೆ. ಅದೂ ಸಾಲದಾದಾಗ ಮುಂಗಡ ಹಣ ಪಡೆದು ತೋಟವನ್ನು ಚೇಣಿಗೆ ಕೊಡುತ್ತೇವೆ. ಮರ ನಮ್ಮದು, ಬೇಸಾಯ ನಮ್ಮದು. ಬೆಲೆ ಏರಿದರೆ ಲಾಭ ಮಾತ್ರ ಚೇಣಿ ಹಿಡಿದವನದು. ಮಗಳು ಗಂಡನ ಮನೆಗೆ ಹೋಗಿ ಎರಡು ವರ್ಷವಾದರೂ ಮದುವೆಯ ಹೊರೆ ತೋಟದ ಮೇಲೆಯೇ ಕೂತಿರುತ್ತದೆ.

ಇದಕ್ಕೆ ಉಪಾಯ, ಒಂದು ನೋಟು ಪುಸ್ತಕದಲ್ಲಿ ಎರಡು ಕಡೆ ಬರೆಯುವುದು. ಒಂದು ಕಡೆ ತೋಟ-ಗದ್ದೆ, ಇನ್ನೊಂದು ಕಡೆ ಮನೆ. ಮದುವೆಗೆ ಮೂರು ಲಕ್ಷ ಬೇಕು, ಕೈಯಲ್ಲಿ ಮೂರು ಫಸಲು ಇದೆ ಎನ್ನಿ. ಫಸಲಿಗೆ ಒಂದು ಲಕ್ಷ. ತೋಟದ ಖರ್ಚು ತೆಗೆದಿಟ್ಟ ಮೇಲೆ ಅಷ್ಟು ಉಳಿಯುತ್ತದೆಯೇ? ಉಳಿಯದಿದ್ದರೆ ಮೂರು ಲಕ್ಷವನ್ನು ಎರಡು ಮಾಡಬೇಕು, ಇಲ್ಲವೇ ಹಾಲಿನ ಡೈರಿಯ ಹಣವನ್ನು ಅದಕ್ಕೆಂದೇ ಕಟ್ಟಿಡಬೇಕು. ಈ ಲೆಕ್ಕಕ್ಕೆ ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಣ್ಣೆ-ಬೇಳೆ, ಬಳೆ-ಬಟ್ಟೆಯ ನಿಜವಾದ ಖರ್ಚು ಆಕೆಗೆ ಗೊತ್ತಿರುವಷ್ಟು ಯಜಮಾನರಿಗೆ ಗೊತ್ತಿರುವುದಿಲ್ಲ.

ಇನ್ನು, ಗುರಿ ಇಡುವಾಗ ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರೆ ಮಾಡಿಕೊಳ್ಳಬೇಕು. ಮಳೆ ನಮ್ಮ ಕೈಯಲ್ಲಿಲ್ಲ. ಪೇಟೆಯ ಧಾರಣೆಯೂ ಇಲ್ಲ. “ಕ್ವಿಂಟಾಲಿಗೆ ಇಷ್ಟು ಬೆಲೆ ಸಿಗಬೇಕು” ಎಂಬುದು ಬರಿಯ ಹರಕೆ. ಹದವಾದ ಕಾಯಿ ಕೊಯ್ಯುವುದು, ಸರಿಯಾಗಿ ಬೇಯಿಸಿ ಒಣಗಿಸುವುದು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುವುದು, ಅವಸರಕ್ಕೆ ಮಾರದೆ ತಡೆದುಕೊಳ್ಳುವುದು, ಇವು ನಮ್ಮ ಕೈಯಲ್ಲಿವೆ.

ತಡೆದುಕೊಳ್ಳುವ ಶಕ್ತಿ ಒಬ್ಬನಿಗೆ ಬರುವುದು ಕಷ್ಟ. ಇದನ್ನು ಕಂಡುಕೊಂಡೇ ಮಲೆನಾಡಿನ ಬೆಳೆಗಾರರು 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘವನ್ನು ಕಟ್ಟಿದರು. ನಾವು ಮ್ಯಾಮ್‌ಕೋಸ್ ಎನ್ನುವುದು ಅದನ್ನೇ. ಒಳ್ಳೆಯ ಬೆಲೆ ಬೇಕೆಂಬ ಆಸೆ ಅವರಿಗಿಂತ ಮುಂಚೆ ಯಾರಿಗೂ ಇರಲಿಲ್ಲವೇ? ಎಲ್ಲರಿಗೂ ಇತ್ತು. ಇವರು ಆ ಆಸೆಯನ್ನು ಗೋದಾಮು, ತೂಕ, ಮುಂಗಡ, ಮಾರಾಟ ಎಂದು ಬಿಡಿಸಿ, ಒಂದೊಂದನ್ನೂ ಒಂದು ಕೆಲಸವನ್ನಾಗಿ ಮಾಡಿದರು. ಒಬ್ಬನಿಂದ ಆಗದ ಗುರಿಯನ್ನು ಹತ್ತು ಜನ ಸೇರಿ ಹೊರಬೇಕೆಂಬುದಕ್ಕೆ ನಮ್ಮೂರಿನಲ್ಲೇ ಇದು ಸಾಕ್ಷಿ.

ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವ ಭದ್ರಾವತಿಯ ಕಡೆಯವರಿಗೂ ಮಾತು ಇದೇ. ನಾಲೆಗೆ ನೀರು ಬಿಟ್ಟ ಮೇಲೆ ಬೀಜ ಹುಡುಕಲು ಹೊರಟರೆ ಸಸಿಮಡಿ ತಡವಾಯಿತೆಂದೇ ತಿಳಿಯಿರಿ.

ಕೊನೆಯದಾಗಿ ಒಂದು ಸೂಚನೆ. ಬರೆದ ಪುಸ್ತಕವನ್ನು ಗೂಡಿನಲ್ಲಿಟ್ಟು ಮರೆಯಬೇಡಿ. ತಿಂಗಳಿಗೊಂದು ಸಲ, ಅಮಾವಾಸ್ಯೆಯ ದಿನವೇ ಎಂದಿಟ್ಟುಕೊಳ್ಳಿ, ದೀಪ ಹಚ್ಚಿದ ಮೇಲೆ ತೆರೆದು ನೋಡಿ. ಆದದ್ದಕ್ಕೆ ಗುರುತು ಹಾಕಿ. ಆಗದ್ದಕ್ಕೆ ಏಕೆ ಆಗಲಿಲ್ಲವೆಂದು ಒಂದು ಸಾಲು ಬರೆದು ಬೇರೆ ತಾರೀಖು ಹಾಕಿ. ಒಂದು ತಾರೀಖು ತಪ್ಪಿತೆಂದು ಪುಸ್ತಕವನ್ನೇ ಎಸೆಯಬೇಡಿ. ಒಂದು ಸಲ ಮಳೆ ಕೈಕೊಟ್ಟರೆ ನೇಗಿಲು ಮಾರುತ್ತೇವೆಯೇ?

ಈ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ಒಂದೇ ಒಂದು ಆಸೆಯನ್ನು ಆರಿಸಿಕೊಳ್ಳಿ. ಎಷ್ಟು, ಯಾವಾಗ, ಯಾರು, ಈ ವಾರ ಮಾಡುವ ಮೊದಲ ಕೆಲಸ ಯಾವುದು, ಈ ನಾಲ್ಕನ್ನು ಬರೆಯಿರಿ. ನಿಮಗೆ ಓದು-ಬರಹ ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿ. ಮಗುವೂ ಕಲಿಯುತ್ತದೆ.