ಸರಕಾರಿ ಸರಬರಾಯಿಯ ಕರಾರು ಮತ್ತು ನಷ್ಟಪರಿಹಾರ
(ಶಿಗ್ಗಾಂವದಲ್ಲಿ ಮಾಡಿದ ಭಾಷಣ)



1800ನೆಯ ಇಸವಿಯಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ದಂಡು ರಾಣೆಬೆನ್ನೂರನ್ನು ಹಿಡಿದು, ಜುಲೈ ತಿಂಗಳಲ್ಲಿ ನಮ್ಮ ನೆರೆಯ ಸವಣೂರಿಗೆ ಬಂದಿತು. ಅಂಥ ದಂಡುಗಳ ಹೊಟ್ಟೆ ಬಹುಮಟ್ಟಿಗೆ ತುಂಬುತ್ತಿದ್ದುದು ಲಮಾಣಿಗರ ಹೇರೆತ್ತುಗಳು ತಂದ ಧಾನ್ಯದಿಂದ. ಸೆಪ್ಟೆಂಬರ್ 10ರಂದು ಧೋಂಡಿಯಾ ಮಡಿದನು, ದಂಡಯಾತ್ರೆ ಮುಗಿಯಿತು. ಕಾಳಗ ಮುಗಿದೊಡನೆ ದಂಡಿಗೆ ಧಾನ್ಯ ಬೇಡವಾಗುತ್ತದೆ. ಹೇರಿಕೊಂಡು ಹೊರಟ ಎತ್ತು ಮಾತ್ರ ನಡುದಾರಿಯಲ್ಲಿರುತ್ತದೆ. ಆ ಹೇರಿನ ನಷ್ಟವನ್ನು ಹೊರುವವರಾರು? ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯನ್ನು ಕುರಿತದ್ದು.

1872ರ ಕರಾರು ಕಾಯಿದೆಯ 73ನೆಯ ಕಲಮು ಉತ್ತರವನ್ನು ಸ್ಪಷ್ಟವಾಗಿಯೇ ಕೊಟ್ಟಿದೆ: ಕರಾರು ಮುರಿದವನು ಅದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡತಕ್ಕದ್ದು. ಮಾಲನ್ನು ಬೇರೆಡೆ ಮಾರಿ ನಷ್ಟವನ್ನು ತಗ್ಗಿಸಿಕೊಳ್ಳುವ ಹೊಣೆ ಸರಬರಾಯಿದಾರನದೂ ಹೌದು. ಆದರೆ ಸರಕಾರದ ಕರಾರುಗಳಲ್ಲಿ “ಯಾವ ಹಂತದಲ್ಲಾದರೂ ರದ್ದುಪಡಿಸುವ ಹಕ್ಕು ನಮಗುಂಟು” ಎಂಬ ಒಂದು ಸಾಲು ಮೂಲೆಯಲ್ಲಿ ಅಡಗಿ ಕುಳಿತಿರುತ್ತದೆ. ವರ್ತಕನು ರುಜು ಮಾಡುವಾಗ ಅದನ್ನು ಓದುವುದಿಲ್ಲ. ಓದಿದರೂ ಅದು ಇಂಗ್ಲಿಷು!

ಹುಬ್ಬಳ್ಳಿಯ ಮೇಲೆ ಹಾಯುತ್ತಿದ್ದ ಮದ್ರಾಸ್ ಮತ್ತು ಸದರ್ನ್ ಮರಾಠಾ ರೇಲ್ವೆಯವರು 1948ರಲ್ಲಿ ತಮ್ಮ ಧಾನ್ಯದ ಅಂಗಡಿಗಳಿಗಾಗಿ 14,000 ಮಣ ಬೆಲ್ಲಕ್ಕೆ ಒಬ್ಬ ವರ್ತಕನೊಡನೆ ಕರಾರು ಮಾಡಿಕೊಂಡರು. ನಾಲ್ಕು ಕಂತುಗಳ ತಾರೀಖುಗಳೂ ಗೊತ್ತಾದುವು. ಮಾರ್ಚಿಯಲ್ಲಿ, ಉಳಿದ ಬೆಲ್ಲ ಬೇಡ, ಕರಾರು ರದ್ದು ಎಂದು ಕಾಗದ ಬಂದಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಏರಿತು. ಪ್ರಮಾಣವನ್ನೂ ತಾರೀಖನ್ನೂ ಗೊತ್ತುಪಡಿಸಿ ಹುಕುಮು ಕೊಟ್ಟ ಮೇಲೆ ಅಷ್ಟರಮಟ್ಟಿಗೆ ಕರಾರು ಪಕ್ಕಾ ಆಯಿತು. ರದ್ದತಿಯ ಆ ಸಾಲು ಇನ್ನೂ ಹುಕುಮು ಕೊಡದ ಮಾಲಿಗೆ ಮಾತ್ರ ಸಲ್ಲುತ್ತದೆ ಎಂದು ನ್ಯಾಯಾಧೀಶರು ತೀರ್ಪಿತ್ತರು. ಗಾಣದ ಮುಂದೆ ಬೆವರಿಳಿಸಿದವರ ಕಷ್ಟವನ್ನು ಅರಿತ ತೀರ್ಪೆಂದೇ ನಾನು ಎಣಿಸುತ್ತೇನೆ.

ಇದರಿಂದ ಎಲ್ಲರೂ ನಿಶ್ಚಿಂತರಾಗುವಂತಿಲ್ಲ. ಅಧಿಕಾರಿಯ ಬಾಯಿಮಾತಿನಿಂದ ಸರಕಾರದ ಕರಾರು ಆಗುವುದಿಲ್ಲ. 1935ರ ಕಾಯಿದೆಯ 175ನೆಯ ಕಲಮಿನಲ್ಲಿದ್ದ ಈ ನಿರ್ಬಂಧವು ಸಂವಿಧಾನದ 299ನೆಯ ಅನುಚ್ಛೇದದಲ್ಲಿ ಮುಂದುವರಿದಿದೆ. ಬಾಯಿಮಾತಿನ ಮೇಲೆ ಮಾಲು ಕೊಟ್ಟು, ಸರಕಾರ ಅದನ್ನು ಉಪಯೋಗಿಸಿದ್ದರೆ 70ನೆಯ ಕಲಮಿನಂತೆ ಪ್ರತಿಫಲ ಕೇಳಬಹುದು. ಮಾತನ್ನು ನಂಬಿ ಕೂಡಿಹಾಕಿದ ಮಾಲು ಮನೆಯಲ್ಲಿಯೇ ಉಳಿದರೆ ಆ ಕಲಮು ನೆರವಿಗೆ ಬಾರದು. ಆದುದರಿಂದ ಮಾಲು ಕೊಳ್ಳುವ ಮೊದಲು ತಾರೀಖು ಹಾಕಿದ ಬರೆಹದ ಹುಕುಮನ್ನು ಪಡೆಯಿರಿ, ಕನ್ನಡದ ಪ್ರತಿಯನ್ನು ಕೇಳಿರಿ. ಶಿಕ್ಷಕ ಮಿತ್ರರು ಅದನ್ನು ಸಂತೆಗೆ ಬರುವ ರೈತರಿಗೆ ಓದಿ ಹೇಳಿರಿ.

ನಾಡು ಹರಿದು ಹಂಚಿದ್ದಾಗ ಹೈಕೋರ್ಟಿಗೆಂದು ಶಿಗ್ಗಾಂವದವನು ಮುಂಬಯಿಗೆ, ಬಳ್ಳಾರಿಯವನು ಮದರಾಸಿಗೆ ಹೋಗಬೇಕಿತ್ತು. 1956ರಲ್ಲಿ ನಾಡು ಒಂದಾಗಿ ಶಿಗ್ಗಾಂವದವನ ದಾರಿ ಬೆಂಗಳೂರಿಗೆ ತಿರುಗಿತು. ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂದುದು 2008ರಲ್ಲಿ, ಅದು ಕಾಯಮವಾದುದು 2013ರಲ್ಲಿ.